ತಲೆಸುತ್ತಿಗೆ ಮಾತ್ರೆ ಬಿಟ್ಟು ಮಂಚಕ್ಕೆ ಬಂದದ್ದು: ನನ್ನ ಅನುಭವ

ಮಗ್ಗುಲು ಬದಲಿಸಿದ ಕೂಡಲೇ ಮನೆಯೆಲ್ಲ ಗಿರಗಿರನೆ ತಿರುಗುತ್ತದೆ ಎನ್ನುತ್ತ ನನ್ನ ತಾಲ್ಲೂಕು ಚಿಕಿತ್ಸಾಲಯಕ್ಕೆ ಬರುವವರಿಗೆ ಬೀಟಾಹಿಸ್ಟಿನ್ ಎಂಬ ತಲೆಸುತ್ತಿನ ಮಾತ್ರೆ ಬರೆಯುವುದನ್ನು ನಾನು ಬಹುಮಟ್ಟಿಗೆ ಬಿಟ್ಟು, ಡಿಕ್ಸ್-ಹಾಲ್‌ಪೈಕ್ ಪರೀಕ್ಷೆಯನ್ನೂ (ಕತ್ತು ತಿರುಗಿಸಿ ಥಟ್ಟನೆ ಮಲಗಿಸಿ ಕಣ್ಣಿನ ಚಲನೆ ನೋಡುವುದು) ಎಪ್ಲಿ ವಿಧಾನವನ್ನೂ (ತಲೆಯನ್ನು ಹಂತಹಂತವಾಗಿ ಹೊರಳಿಸುವ ಚಿಕಿತ್ಸೆ) ನಂಬಿಕೊಂಡಿದ್ದೇನೆ. ಇಂಥ ತಲೆಸುತ್ತಿಗೆ ಹೆಚ್ಚಾಗಿ ಒಳಗಿವಿಯ ನಾಳಕ್ಕೆ ಜಾರಿದ ಸಣ್ಣ ಹರಳುಗಳೇ ಕಾರಣ, ಎಪ್ಲಿ ಅವುಗಳನ್ನು ನಾಳದಿಂದ ಹೊರಗೆ ಸರಿಸುತ್ತದೆ. ಕತ್ತು ತಿರುಗಿಸಿಕೊಳ್ಳಲು ಕ್ಷೌರದಂಗಡಿ ಸಾಲದೇ ಎಂದು ನಕ್ಕಿದ್ದ ವೈದ್ಯಮಿತ್ರರೇ ಈಗ ತಮ್ಮ ರೋಗಿಗಳನ್ನು ನನ್ನಲ್ಲಿಗೆ ಕಳುಹಿಸುತ್ತಾರೆ.

ಮೊದಲ ತೊಡಕು ಹಣದ್ದು. ಎಂಆರ್‌ಐಗೆ ಏಳೆಂಟು ಸಾವಿರ ಸುರಿದು ಬಂದವರು ಕೂಡ, ಚೀಟಿಯನ್ನೇ ಬರೆಯದೆ ಮಂಚದ ಮೇಲೆ ಹೊರಳಿಸಿ ಮುನ್ನೂರು ರೂಪಾಯಿ ಕೇಳಿದರೆ ಮುಖ ಸಿಂಡರಿಸುತ್ತಿದ್ದರು. ಪರೀಕ್ಷೆಯ ನಡುವೆ ವಾಂತಿಯಾದರಂತೂ ಮನೆಯವರು ಜಗಳಕ್ಕೇ ನಿಲ್ಲುತ್ತಿದ್ದರು. ಈಗ ಹೊರಳಿಸುವ ಮೊದಲೇ, ಅರ್ಧ ನಿಮಿಷ ತಲೆಸುತ್ತು ಜೋರಾಗುತ್ತದೆ, ಅದು ಬಂದರೇ ರೋಗ ಸಿಕ್ಕಂತೆ, ಎಂದು ಮನೆಯವರೆದುರಿಗೆ ಹೇಳಿಬಿಡುತ್ತೇನೆ.

ಎರಡನೆಯ ತೊಡಕು ಇನ್ನೂ ಬಿಗಿಯಾದದ್ದು. ಎಪ್ಲಿಯನ್ನು ಮತ್ತೆ ಮತ್ತೆ ಮಾಡಿದರೂ ಬಗ್ಗದ ಕೆಲವರಲ್ಲಿ ಹರಳುಗಳು ಎಪ್ಲಿ ಗುರಿಯಿಡುವ ಹಿಂಬದಿಯ ನಾಳದಲ್ಲಿರದೆ ಅಡ್ಡನಾಳದಲ್ಲಿದ್ದವು. ಅಂಗಾತ ಮಲಗಿಸಿ ತಲೆಯನ್ನು ಎರಡೂ ಪಕ್ಕಕ್ಕೆ ಹೊರಳಿಸಿದಾಗ ಕಣ್ಣುಗುಡ್ಡೆ ತಾನಾಗಿಯೇ ನೆಲದತ್ತ ಮತ್ತೆ ಮತ್ತೆ ಜಗ್ಗಿಕೊಂಡು ಬಡಿಯುವುದು ಯಾವ ಪಕ್ಕದಲ್ಲಿ ಜೋರೋ ಅದೇ ಕೆಟ್ಟ ಕಿವಿ. ಅಲ್ಲಿಂದ ಒಳ್ಳೆಯ ಕಿವಿಯ ಕಡೆಗೆ ಹಂತಹಂತವಾಗಿ ಪೂರ್ತಿ ಸುತ್ತು ಹೊರಳಿಸಿದಾಗ ಅವರಲ್ಲೂ ಹೆಚ್ಚಿನವರು ಎದ್ದು ನಡೆದರು. ಆದರೆ ದೃಷ್ಟಿ ನೆಟ್ಟರೆ ಈ ಅಡ್ಡ ಬಡಿತ ಅಡಗಿಬಿಡುತ್ತದೆ. ಕತ್ತಲಲ್ಲೇ ಕಣ್ಣಿನ ಚಲನೆಯನ್ನು ತೋರಿಸುವ, ಲಕ್ಷಗಟ್ಟಲೆ ಬೆಲೆಯ ವಿಡಿಯೊ ಕನ್ನಡಕ ನನ್ನ ಕೈಗೆ ಎಟುಕದ್ದರಿಂದ, ಈಜುಗನ್ನಡಕಕ್ಕೆ ಇನ್‌ಫ್ರಾರೆಡ್ ಕ್ಯಾಮೆರಾ ಕೂರಿಸಿ ಸುಮಾರು ನಾಲ್ಕು ಸಾವಿರದಲ್ಲಿ ಮುಗಿಸಿದೆ. ಬೆಳಕು ಒಳಗೆ ನುಸುಳದಂತೆ ಅಂಚನ್ನು ಮುಚ್ಚಿದ ಬಗೆ ಮಾತ್ರ ಸದ್ಯಕ್ಕೆ ನನ್ನಲ್ಲಿಯೇ ಇರಲಿ.

ಎಪ್ಲಿಯವರು 1992ರಲ್ಲಿ ಪ್ರಕಟಿಸಿದ ಮೂಲ ಕ್ರಮದಲ್ಲಿ ಕಿವಿಯ ಹಿಂದಿನ ಎಲುಬಿಗೆ ಕಂಪನ ಕೊಡುವುದೂ ಇತ್ತೆಂದು ನಾನೂ ಎಂಟುನೂರು ರೂಪಾಯಿಯ ಮಸಾಜ್ ಯಂತ್ರವನ್ನು ತಂದು ಪ್ರಯೋಗಿಸಿದೆ. ಫಲಿತಾಂಶದಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ, ಯಂತ್ರ ಈಗ ಮನೆಯವರ ಮಂಡಿನೋವಿಗೆ ಒದಗುತ್ತಿದೆ. ಹೊರಳಿಸಿದ ಮೇಲೆ ಎರಡು ರಾತ್ರಿ ಒರಗಿ ಕುಳಿತೇ ನಿದ್ರಿಸಬೇಕೆಂಬ ಕಟ್ಟುಪಾಡನ್ನೂ ಕೈಬಿಟ್ಟೆ.

ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲಿಡುವವರನ್ನು ನಾನು ಹೊರಳಿಸುವುದಿಲ್ಲ. ಮಲಗಿದಾಗ ಮತ್ತು ನಿಂತು ಮೂರು ನಿಮಿಷದೊಳಗೆ ರಕ್ತದೊತ್ತಡ ನೋಡಿ, ಮೇಲಿನ ಅಂಕಿ 20ರಷ್ಟು ಕುಸಿದಿದ್ದರೆ ಒತ್ತಡ ಇಳಿಸುವ ಮಾತ್ರೆ ಯಾವುದಾದರೂ ಇದೆಯೇ ಎಂದು ಅವರ ಮಾತ್ರೆಗಳ ಚೀಲವನ್ನು ಬಿಚ್ಚಿಸುತ್ತೇನೆ. ಮಾತು ತೊದಲುವವರನ್ನು, ಆಸರೆಯಿಲ್ಲದೆ ನಿಲ್ಲಲಾಗದವರನ್ನು, ಕಣ್ಣು ಎಡೆಬಿಡದೆ ಕೆಳಮುಖವಾಗಿ ಬಡಿಯುವವರನ್ನು ಮಿದುಳಿನ ತೊಂದರೆ ಇರಬಹುದೆಂದು ಮಂಚಕ್ಕೂ ಹತ್ತಿಸದೆ ಜಿಲ್ಲಾಸ್ಪತ್ರೆಗೆ ಕಳುಹಿಸುತ್ತೇನೆ.

ನನ್ನ ಅಂದಾಜಿನಲ್ಲಿ ಹತ್ತರಲ್ಲಿ ಏಳೆಂಟು ಮಂದಿಗೆ ಒಂದೆರಡು ಭೇಟಿಯಲ್ಲೇ ಗುಣವಾಗಿದೆ. ಮರುಕಳಿಸಿ ಬಂದವರಿಂದ ಅರ್ಧ ಶುಲ್ಕವನ್ನಷ್ಟೇ ತೆಗೆದುಕೊಳ್ಳುತ್ತೇನೆ.