ಸಣ್ಣ ಟ್ಯೂಬ್ ಗಿಟಾರ್ ಆಂಪ್‌ನ ಸ್ಪೀಕರ್ ಬದಲಿಸುವ ಕ್ರಮ

5ರಿಂದ 15 ವಾಟ್ ಸಾಮರ್ಥ್ಯದ, ಒಂದೇ ಸ್ಪೀಕರ್ ಇರುವ ಸಣ್ಣ ಟ್ಯೂಬ್ ಆಂಪ್‌ನ (ಗಾಜಿನ ವಾಲ್ವ್‌ಗಳಿಂದ ಕೆಲಸ ಮಾಡುವ ಆಂಪ್ಲಿಫಯರ್‌ನ) ನಾದವನ್ನು ರೂಪಿಸುವ ಭಾಗಗಳಲ್ಲಿ ಸ್ಪೀಕರ್‌ಗೇ ಮೊದಲ ಸ್ಥಾನ. ಟ್ಯೂಬ್ ಬದಲಿಸಿದರೆ ಆಗುವ ವ್ಯತ್ಯಾಸವನ್ನು ಕಿವಿಗೊಟ್ಟು ಹುಡುಕಬೇಕಾಗುತ್ತದೆ. ಸ್ಪೀಕರ್ ಬದಲಿಸಿದರೆ ಪಕ್ಕದ ಕೋಣೆಯಲ್ಲಿರುವವರಿಗೂ ಗೊತ್ತಾಗುತ್ತದೆ. ಕೈಕೆಲಸವೂ ದೊಡ್ಡದಲ್ಲ, ನಾಲ್ಕೋ ಎಂಟೋ ಸ್ಕ್ರೂ ಮತ್ತು ಎರಡು ತಂತಿಗಳಷ್ಟೆ. ಆದರೆ ಈ ಕೆಲಸ ಕೆಡುವುದು ಹೆಚ್ಚಾಗಿ ಸ್ಕ್ರೂ ಡ್ರೈವರ್ ಹಿಡಿಯುವುದಕ್ಕೆ ಮೊದಲೇ, ಸ್ಪೀಕರನ್ನು ಆರಿಸುವ ಹಂತದಲ್ಲಿ. ಆದ್ದರಿಂದ ಆ ಭಾಗವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕು.

ಹಳೆಯ ಸ್ಪೀಕರ್ ಹಾಳಾಗಿದೆ ಎಂಬ ಕಾರಣಕ್ಕೆ ಬದಲಿಸುವುದಾದರೆ, ಅದು ನಿಜವಾಗಿ ಹಾಳಾಗಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಗರಗರ ಸದ್ದು ಬಂದ ಕೂಡಲೇ ಸ್ಪೀಕರ್ ಮೇಲೆ ಸಂಶಯಪಡುವುದು ವಾಡಿಕೆಯಾದರೂ, ಸಡಿಲಗೊಂಡ ಹಿಂಬದಿಯ ಹಲಗೆ, ಅಲುಗುವ ಹಿಡಿಕೆ, ಒಳಗಿನ ಭಾಗಗಳು ಕಳಚಿಕೊಂಡ ಟ್ಯೂಬ್ ಇವೆಲ್ಲವೂ ಅದೇ ಬಗೆಯ ಸದ್ದು ಮಾಡಬಲ್ಲವು. ಆಂಪನ್ನು ಆರಿಸಿ, ಪ್ಲಗ್ ಕಿತ್ತು, ಸ್ಪೀಕರ್‌ನ ಒಂದು ತಂತಿಯನ್ನಾದರೂ ಬಿಡಿಸಿ, ಮಲ್ಟಿಮೀಟರ್‌ನಿಂದ ಅದರ ಟರ್ಮಿನಲ್‌ಗಳ ನಡುವಿನ ರೋಧವನ್ನು ಅಳೆಯಿರಿ. ತಂತಿ ಬಿಡಿಸದೆ ಅಳೆದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಸುರುಳಿಯೂ ಜೊತೆಯಲ್ಲಿ ಸೇರಿ ಒಂದು ಓಮ್‌ಗಿಂತ ಕಡಿಮೆ ತೋರಿಸಬಹುದು. ಅದನ್ನು ನೋಡಿ ವಾಯ್ಸ್ ಕಾಯಿಲ್, ಅಂದರೆ ಸ್ಪೀಕರ್‌ನ ಕೋನನ್ನು (ಸದ್ದು ಹೊರಡಿಸುವ ಕಾಗದದ ಶಂಕುವನ್ನು) ಅಲುಗಿಸುವ ತಂತಿಸುರುಳಿ, ಶಾರ್ಟ್ ಆಗಿದೆ ಎಂದು ತಪ್ಪಾಗಿ ತಿಳಿಯುವುದು ಸುಲಭ. 8 ಓಮ್ ಎಂದು ಬರೆದಿರುವ ಸ್ಪೀಕರ್ ಮೀಟರ್‌ನಲ್ಲಿ ಸಾಮಾನ್ಯವಾಗಿ 6ರಿಂದ 7 ಓಮ್ ತೋರಿಸುತ್ತದೆ, 4 ಓಮ್‌ನದು 3ರಿಂದ 3.5, 16 ಓಮ್‌ನದು 11ರಿಂದ 13. ಮೀಟರ್ ಅಳೆಯುವುದು ಡಿಸಿ ರೋಧವನ್ನು, ಸ್ಪೀಕರ್ ಮೇಲೆ ಬರೆದಿರುವುದು ಇಂಪೀಡೆನ್ಸ್ ಅನ್ನು, ಅಂದರೆ ಏರಿಳಿಯುವ ನಾದದ ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯನ್ನು. ಹಾಗಾಗಿ ಎರಡೂ ಒಂದೇ ಆಗಿರುವುದಿಲ್ಲ. ಮೀಟರ್ ಏನೂ ತೋರಿಸದಿದ್ದರೆ ವಾಯ್ಸ್ ಕಾಯಿಲ್ ಅಥವಾ ಕೋನ್‌ಗೆ ಹೋಗುವ ಹೆಣೆದ ತಂತಿ ತುಂಡಾಗಿದೆ. ಓಮ್ ಸರಿಯಿದ್ದರೆ, ಎರಡೂ ಕೈಗಳ ಬೆರಳುಗಳನ್ನು ಕೋನ್‌ನ ಸುತ್ತ ಸಮವಾಗಿ ಇಟ್ಟು ಮೆಲ್ಲನೆ ಒತ್ತಿ ಬಿಡಿ. ಒಳಗೆ ಉಜ್ಜುವ ಸದ್ದು ಕೇಳಿದರೆ ಕಾಯಿಲ್ ಓರೆಯಾಗಿದೆ ಎಂದರ್ಥ. ಕೋನ್‌ನಲ್ಲಿ ಸಣ್ಣ ಸೀಳು ಮಾತ್ರ ಇದ್ದರೆ ತೆಳುವಾದ ಕಾಗದ ಮತ್ತು ಒಣಗಿದ ಮೇಲೂ ಬಾಗುವ ಅಂಟಿನಿಂದ ದುರಸ್ತಿ ಮಾಡಬಹುದು. ಅಂಥ ಸ್ಪೀಕರನ್ನು ಎಸೆಯುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಹೊಸದನ್ನು ಆರಿಸುವಾಗ ರಾಜಿ ಮಾಡಿಕೊಳ್ಳಬಾರದ ಅಂಶ ಇಂಪೀಡೆನ್ಸ್. ಪವರ್ ಟ್ಯೂಬ್ ಸ್ಪೀಕರನ್ನು ನೇರವಾಗಿ ಕಾಣುವುದಿಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮೂಲಕ ಹಿಗ್ಗಿಸಿ ಕಾಣುತ್ತದೆ. ಉದಾಹರಣೆಗೆ, 4 ಓಮ್ ಸ್ಪೀಕರನ್ನು 5,000 ಓಮ್ ಆಗಿ ತೋರಿಸುವಂತೆ ಸುತ್ತಿದ ಟ್ರಾನ್ಸ್‌ಫಾರ್ಮರ್‌ಗೆ 8 ಓಮ್ ಸ್ಪೀಕರ್ ಜೋಡಿಸಿದರೆ, ಟ್ಯೂಬ್‌ಗೆ ಅದು 10,000 ಓಮ್ ಆಗಿ ಕಾಣುತ್ತದೆ. ಇದರಿಂದ ಹೊರಬರುವ ಶಕ್ತಿ ಕುಗ್ಗುತ್ತದೆ, ನಾದದ ಸ್ವಭಾವ ಬದಲಾಗುತ್ತದೆ, ಟ್ಯೂಬ್ ಮತ್ತು ಟ್ರಾನ್ಸ್‌ಫಾರ್ಮರ್ ಮೇಲಿನ ಒತ್ತಡ ಹೆಚ್ಚುತ್ತದೆ. ಗಟ್ಟಿಯಾಗಿ ಕಟ್ಟಿದ ಅನೇಕ ಆಂಪ್‌ಗಳು ಎರಡು ಪಟ್ಟು ಅಥವಾ ಅರ್ಧದಷ್ಟು ವ್ಯತ್ಯಾಸವನ್ನು ತಕ್ಷಣಕ್ಕೆ ಸಹಿಸಿಕೊಳ್ಳುತ್ತವೆಯಾದರೂ, ಹೊಸ ಸ್ಪೀಕರ್ ಕೊಳ್ಳುವ ಸ್ವಾತಂತ್ರ್ಯ ಇರುವಾಗ ಆ ಸಹನೆಯನ್ನು ಪರೀಕ್ಷಿಸುವ ಅಗತ್ಯವೇನೂ ಇಲ್ಲ. ಒಂದೇ ಮಾದರಿಯ ಸ್ಪೀಕರ್ 8 ಮತ್ತು 16 ಓಮ್ ಎರಡರಲ್ಲೂ ಸಿಗುವುದು ಸಾಮಾನ್ಯ. ಆಂಪ್‌ನ ಹಿಂಬದಿಯಲ್ಲಿ, ಕೈಪಿಡಿಯಲ್ಲಿ ಅಥವಾ ಹಳೆಯ ಸ್ಪೀಕರ್‌ನ ಚೀಟಿಯಲ್ಲಿ ಬರೆದಿರುವ ಸಂಖ್ಯೆಯದನ್ನೇ ಕೊಳ್ಳಿ. ಹಳೆಯದನ್ನು ಹಿಂದಿನ ಒಡೆಯರು ಯಾರೋ ಬದಲಿಸಿರಬಹುದಾದ್ದರಿಂದ, ಚೀಟಿಗಿಂತ ಆಂಪ್‌ನ ಮೇಲಿನ ಬರಹವನ್ನು ನಂಬುವುದು ಮೇಲು.

ಎರಡನೆಯದು ಸೆನ್ಸಿಟಿವಿಟಿ, ಅಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಎಂಬ ಅಳತೆ. ಕೊಳ್ಳುವವರು ವಾಟ್ ಸಂಖ್ಯೆಯನ್ನು ನೋಡಿ ಇದನ್ನು ಬಿಟ್ಟುಬಿಡುತ್ತಾರೆ, ಆದರೆ ಸಣ್ಣ ಆಂಪ್‌ನಲ್ಲಿ ಇದೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. 3 ಡೆಸಿಬೆಲ್ ಹೆಚ್ಚಳವೆಂದರೆ ಆಂಪ್‌ನ ಶಕ್ತಿಯನ್ನು ಇಮ್ಮಡಿ ಮಾಡಿದ್ದಕ್ಕೆ ಸಮ. 97 ಡೆಸಿಬೆಲ್‌ನ ಜಾಗದಲ್ಲಿ 100 ಡೆಸಿಬೆಲ್‌ನದನ್ನು ಹಾಕಿದರೆ 5 ವಾಟ್ ಆಂಪ್ 10 ವಾಟ್‌ನದರಂತೆ ಕೇಳಿಸುತ್ತದೆ. ಡ್ರಮ್ಸ್ ಜೊತೆ ನುಡಿಸುವವರಿಗೆ ಇದು ವರ. ಮನೆಯಲ್ಲಿ ಕಡಿಮೆ ಸದ್ದಿನಲ್ಲೇ ಟ್ಯೂಬ್‌ಗಳನ್ನು ದುಡಿಸಿ ಓವರ್‌ಡ್ರೈವ್ (ಒಡೆದಂತಿರುವ ನಾದ) ಪಡೆಯಬೇಕೆನ್ನುವವರು ಕಡಿಮೆ ಸೆನ್ಸಿಟಿವಿಟಿಯದನ್ನೇ ಹುಡುಕಬೇಕು.

ವಾಟ್ ವಿಷಯದಲ್ಲಿ ಒಂದು ನಿಯಮ ಸಾಕು: ಆಂಪ್‌ನ ಶಕ್ತಿಯ ಎರಡರಷ್ಟಾದರೂ ತಾಳುವ ಸ್ಪೀಕರ್ ಇರಲಿ. ಆಂಪ್‌ನ ಮೇಲೆ ಬರೆದಿರುವ ಸಂಖ್ಯೆ ಸ್ವಚ್ಛ ನಾದಕ್ಕೆ ಸಂಬಂಧಿಸಿದ್ದು. ಪೂರ್ತಿ ಏರಿಸಿ ನುಡಿಸುವಾಗ ಅದು ಅದಕ್ಕಿಂತ ಬಹಳ ಹೆಚ್ಚು ಶಕ್ತಿಯನ್ನು ಹೊರಹಾಕುತ್ತದೆ. ಸೆಲೆಸ್ಟಿಯನ್ ಬ್ಲೂ ಎಂಬ, ಆಲ್ನಿಕೊ ಮಿಶ್ರಲೋಹದ ಮ್ಯಾಗ್ನೆಟ್ ಇರುವ ಹೆಸರಾಂತ ಸ್ಪೀಕರ್ ತಾಳುವುದು 15 ವಾಟ್ ಮಾತ್ರ. 15 ವಾಟ್‌ನ ಫೆಂಡರ್ ಬ್ಲೂಸ್ ಜೂನಿಯರ್‌ಗೆ ಅದನ್ನು ಹಾಕಿ ಗರಿಷ್ಠ ಸದ್ದಿನಲ್ಲಿ ನುಡಿಸುವುದು ಜಾಣತನವಲ್ಲ.

ಅಳತೆಯಲ್ಲಿ 8, 10, 12 ಇಂಚು ಎಂಬ ವ್ಯಾಸವೊಂದೇ ಸಾಲದು. ಹೊಸ ಸ್ಪೀಕರ್‌ನ ಒಟ್ಟು ಆಳ ಮತ್ತು ಮ್ಯಾಗ್ನೆಟ್‌ನ ಅಗಲವನ್ನು ತಯಾರಕರು ಕೊಟ್ಟಿರುವ ಚಿತ್ರದಿಂದ ತೆಗೆದುಕೊಂಡು, ಪೆಟ್ಟಿಗೆಯೊಳಗೆ ಅಳತೆಪಟ್ಟಿ ಹಿಡಿದು ನೋಡಬೇಕು. ಸಣ್ಣ ಪೆಟ್ಟಿಗೆಗಳಲ್ಲಿ ಟ್ಯೂಬ್‌ಗಳು ತಲೆಕೆಳಗಾಗಿ ಸ್ಪೀಕರ್‌ನ ಹಿಂದೆಯೇ ತೂಗಾಡುತ್ತಿರುತ್ತವೆ. ದೊಡ್ಡ ಫೆರೈಟ್ ಮ್ಯಾಗ್ನೆಟ್ ಅವುಗಳಿಗೋ ಟ್ರಾನ್ಸ್‌ಫಾರ್ಮರ್‌ಗೋ ತಗುಲುವ ಸಾಧ್ಯತೆ ಇದೆ. ಟ್ಯೂಬ್‌ಗಳು ಬಿಸಿಯಾಗುವುದರಿಂದ, ತಗುಲದಿದ್ದರೆ ಸಾಕು ಎನ್ನದೆ, ಗಾಳಿಯಾಡುವಷ್ಟು ಎಡೆಯನ್ನೂ ಬಿಡಬೇಕು. ಭಾರ ಕಡಿಮೆಯಾಗಬೇಕೆಂದರೆ ನಿಯೋಡಿಮಿಯಮ್ ಮ್ಯಾಗ್ನೆಟ್‌ನ ಸ್ಪೀಕರ್‌ಗಳಿವೆ. ಸ್ಕ್ರೂ ರಂಧ್ರಗಳ ಸ್ಥಾನವನ್ನೂ ಹೋಲಿಸಿ ನೋಡಿ. ನಾದದ ರುಚಿಯ ಬಗ್ಗೆ ಇಲ್ಲಿ ಹೇಳುವುದು ಕಡಿಮೆ, ಏಕೆಂದರೆ ಅದು ನುಡಿಸುವವರಿಗೆ ಬಿಟ್ಟದ್ದು. ಆದರೂ ಒಂದು ಮಾತು: ಪುಟ್ಟ ಪೆಟ್ಟಿಗೆಯಿಂದ ಮಂದ್ರ ಸ್ವರಗಳ ತುಂಬುತನವನ್ನು ಯಾವ ಸ್ಪೀಕರ್ ಕೂಡ ಒಂದು ಮಿತಿಗಿಂತ ಹೆಚ್ಚು ಹೊರಡಿಸಲಾರದು.

ಇನ್ನು ಕೆಲಸಕ್ಕೆ ಕೈಹಾಕುವ ಮೊದಲು ಎರಡು ಎಚ್ಚರಿಕೆಗಳು. ಟ್ಯೂಬ್ ಆಂಪ್‌ನ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್‌ಗೂ ಮಿಕ್ಕಿದ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಮತ್ತು ಅದು ಜೀವ ತೆಗೆಯಬಲ್ಲದು. ಸ್ಪೀಕರ್ ತಂತಿಗೆ ಜ್ಯಾಕ್ ಇದ್ದು ಅದು ಹೊರಗಿನಿಂದಲೇ ಕಳಚುವಂತಿದ್ದರೆ ಷಾಸಿಯನ್ನು (ಸರ್ಕ್ಯೂಟ್ ಇರುವ ಲೋಹದ ಚೌಕಟ್ಟನ್ನು) ತೆರೆಯುವ ಅಗತ್ಯವೇ ಬೀಳುವುದಿಲ್ಲ. ತೆರೆಯಲೇಬೇಕಾದ ಆಂಪ್ ಆಗಿದ್ದು, ಕೆಪಾಸಿಟರ್‌ಗಳನ್ನು ಬರಿದು ಮಾಡಿ ಮೀಟರ್‌ನಿಂದ ಖಚಿತಪಡಿಸಿಕೊಳ್ಳುವುದು ನಿಮಗೆ ತಿಳಿಯದಿದ್ದರೆ, ಆ ಭಾಗವನ್ನು ಬಲ್ಲವರಿಗೆ ಒಪ್ಪಿಸಿ. ಎರಡನೆಯ ಎಚ್ಚರಿಕೆ ಆಂಪ್‌ನ ಆಯುಷ್ಯಕ್ಕೆ ಸಂಬಂಧಿಸಿದ್ದು: ಸ್ಪೀಕರ್ ಜೋಡಿಸದೆ ಟ್ಯೂಬ್ ಆಂಪನ್ನು ಎಂದೂ ನುಡಿಸಬಾರದು. ಹೊರೆ ಇಲ್ಲದಿರುವಾಗ ಟ್ರಾನ್ಸ್‌ಫಾರ್ಮರ್‌ನ ಪ್ರೈಮರಿಯಲ್ಲಿ (ಟ್ಯೂಬ್ ಕಡೆಯ ಸುರುಳಿಯಲ್ಲಿ) ವೋಲ್ಟೇಜ್ ವಿಪರೀತ ಏರಿ, ಸುರುಳಿಯ ಇನ್ಸುಲೇಷನ್ ಭೇದಿಸಿಕೊಂಡು ಕಿಡಿ ಹಾರುತ್ತದೆ. ಟ್ರಾನ್ಸಿಸ್ಟರ್ ಆಂಪ್ ಬಳಸಿ ರೂಢಿಯಾದವರಿಗೆ ಶಾರ್ಟ್ ಆಗುವುದರ ಭಯವಿರುತ್ತದೆ. ಇಲ್ಲಿ ತಂತಿ ಬಿಟ್ಟುಹೋಗುವುದೇ ಹೆಚ್ಚಿನ ಅಪಾಯ.

ಆಂಪನ್ನು ಆರಿಸಿ, ಪ್ಲಗ್ ಕಿತ್ತು, ಟ್ಯೂಬ್‌ಗಳು ತಣ್ಣಗಾಗುವವರೆಗೆ ಬಿಡಿ. ಹಿಂಬದಿಯ ಹಲಗೆ ತೆಗೆದ ಮೇಲೆ, ಯಾವ ಬಣ್ಣದ ತಂತಿ ಯಾವ ಟರ್ಮಿನಲ್‌ಗೆ ಹೋಗಿದೆ ಎಂಬುದರ ಫೋಟೊ ತೆಗೆದುಕೊಳ್ಳಿ. ಟ್ಯೂಬ್‌ಗಳು ಅಡ್ಡ ಬರುವಂತಿದ್ದರೆ ಅವುಗಳನ್ನು ನೇರವಾಗಿ ಎಳೆದು ತೆಗೆದು, ಯಾವುದು ಯಾವ ಸಾಕೆಟ್‌ನದೆಂದು ಗುರುತು ಹಾಕಿಡಿ. ಚಪ್ಪಟೆ ಕನೆಕ್ಟರ್‌ಗಳನ್ನು ಇಕ್ಕಳದಿಂದ ಹಿಡಿದು, ತಂತಿಯನ್ನು ಎಳೆಯದೆ ಕಳಚಬೇಕು. ಬೆಸುಗೆ ಹಾಕಿದ್ದರೆ ಬಿಸಿ ಮಾಡಿ ಬಿಡಿಸಬೇಕು, ಆಗ ಕರಗಿದ ಸೀಸ ಕೋನ್ ಮೇಲೆ ಬೀಳದಂತೆ ಬಟ್ಟೆ ಮುಚ್ಚಿರಬೇಕು. ಬಳಿಕ ಆಂಪನ್ನು ಮುಂಬದಿ ಕೆಳಗಾಗುವಂತೆ ಮೆತ್ತನೆಯ ಬಟ್ಟೆಯ ಮೇಲೆ ಮಲಗಿಸಿ. ನಿಲ್ಲಿಸಿಕೊಂಡೇ ಬಿಚ್ಚಿದರೆ ಕೊನೆಯ ಸ್ಕ್ರೂ ಬಿಟ್ಟೊಡನೆ ಸ್ಪೀಕರ್ ಜಾರಿ ಬೀಳುತ್ತದೆ. ಹಲಗೆಗೆ ಅಂಟಿಕೊಂಡಿದ್ದರೆ ಮೀಟದೆ, ಚೌಕಟ್ಟನ್ನು ಹಿಡಿದು ಎಡಕ್ಕೂ ಬಲಕ್ಕೂ ತುಸು ತಿರುಗಿಸಿ ಎತ್ತಿ.

ಹೊಸ ಸ್ಪೀಕರನ್ನು ಇಳಿಸುವಾಗ ಟರ್ಮಿನಲ್‌ಗಳು ತಂತಿ ಎಟಕುವ ಕಡೆಗಿರಲಿ. ಮ್ಯಾಗ್ನೆಟ್ ಉಕ್ಕಿನ ಸ್ಕ್ರೂ ಡ್ರೈವರನ್ನು ಸೆಳೆಯುತ್ತದೆ, ಮತ್ತು ಹೊಸ ಕೋನ್‌ಗೆ ತೂತು ಬೀಳುವುದು ಬಹುಪಾಲು ಹೀಗೆಯೇ. ಒಂದು ಕೈಯಿಂದ ಉಪಕರಣ ತಿರುಗಿಸುವಾಗ ಇನ್ನೊಂದು ಕೈಯನ್ನು ಕೋನ್‌ನ ಮೇಲೆ ಅಡ್ಡ ಹಿಡಿಯಿರಿ. ಎಲ್ಲ ನಟ್‌ಗಳನ್ನೂ ಮೊದಲು ಬೆರಳಿನಿಂದ ಕೂರಿಸಿ, ಆಮೇಲೆ ಎದುರುಬದಿರು ಜೋಡಿಗಳಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಬದಿಯನ್ನು ಬಿಗಿದರೆ, ಅಥವಾ ಅತಿಯಾಗಿ ಬಿಗಿದರೆ, ತೆಳು ತಗಡಿನ ಚೌಕಟ್ಟು ತಿರುಚಿಕೊಂಡು ಕಾಯಿಲ್ ಉಜ್ಜತೊಡಗುತ್ತದೆ. ಸ್ಪೀಕರ್ ಅಂಚಿನ ಮೆತ್ತನೆಯ ಪಟ್ಟಿ (ಗ್ಯಾಸ್ಕೆಟ್) ಹಲಗೆಗೆ ಸಮವಾಗಿ ಒತ್ತಿಕೊಂಡಿತೆಂದರೆ ಅಲ್ಲಿಗೆ ನಿಲ್ಲಿಸಿ.

ತಂತಿ ಜೋಡಿಸುವಾಗ ಜ್ಯಾಕ್‌ನ ತುದಿಯಿಂದ ಬರುವ ತಂತಿಯನ್ನು ಪ್ಲಸ್ ಟರ್ಮಿನಲ್‌ಗೆ ಹಾಕುವುದು ರೂಢಿ. ಒಂದೇ ಸ್ಪೀಕರ್ ಇರುವಲ್ಲಿ ಅದಲು ಬದಲಾದರೆ ಏನೂ ಕೆಡುವುದಿಲ್ಲ. ಮುಂದೆ ಎರಡನೆಯ ಸ್ಪೀಕರ್ ಸೇರಿಸಿದಾಗ ಮಾತ್ರ ಎರಡೂ ಕೋನ್‌ಗಳು ಎದುರುಬದಿರಾಗಿ ಚಲಿಸಿ ನಾದ ತೆಳುವಾಗುತ್ತದೆ. ಟರ್ಮಿನಲ್‌ನ ಗುರುತು ಅಳಿಸಿದ್ದರೆ, ತಂತಿ ಜೋಡಿಸುವ ಮೊದಲು 1.5 ವೋಲ್ಟ್ ಸೆಲ್ಲನ್ನು ಕ್ಷಣಕಾಲ ಮುಟ್ಟಿಸಿ. ಕೋನ್ ಹೊರಕ್ಕೆ ಚಿಮ್ಮಿದಾಗ ಸೆಲ್‌ನ ಪ್ಲಸ್ ತಗುಲಿದ್ದ ಟರ್ಮಿನಲ್ಲೇ ಪ್ಲಸ್ ಎಂದು ಇಂದಿನ ಹೆಚ್ಚಿನ ಸ್ಪೀಕರ್‌ಗಳ ಮಟ್ಟಿಗೆ ತಿಳಿಯಬಹುದು. ಕನೆಕ್ಟರ್ ಸಡಿಲವಾಗಿ ಕೂತರೆ ಇಕ್ಕಳದಿಂದ ತುಸು ಅಮುಕಿ ಬಿಗಿ ಮಾಡಿ. ಸ್ಪೀಕರ್ ಇಲ್ಲದೆ ಆಂಪ್ ನುಡಿಸಬಾರದೆಂದು ಹೇಳಿದ್ದು ಈ ಸಡಿಲತನಕ್ಕೂ ಅನ್ವಯಿಸುತ್ತದೆ.

ಆನ್ ಮಾಡುವ ಮೊದಲು ಜ್ಯಾಕ್‌ನ ಪ್ಲಸ್ ಮತ್ತು ಮೈನಸ್ ನಡುವೆ ಶಾರ್ಟ್ ಇಲ್ಲವೆಂದು ನೋಡಿಕೊಂಡು, ಅದನ್ನು ಸ್ಪೀಕರ್ ಸಾಕೆಟ್‌ಗೆ ಹಾಕಿ. ತೆಗೆದಿದ್ದ ಟ್ಯೂಬ್‌ಗಳನ್ನು ಅವುಗಳ ಸಾಕೆಟ್‌ಗೇ ಕೂರಿಸಿ. ವಾಲ್ಯೂಮ್ ಸೊನ್ನೆಯಲ್ಲಿಟ್ಟು ಆನ್ ಮಾಡಿ, ಟ್ಯೂಬ್ ಕಾಯುವಷ್ಟು ಹೊತ್ತು ಬಿಟ್ಟು, ಮೆಲ್ಲನೆ ಏರಿಸುತ್ತ ಗಿಟಾರ್‌ನ ದಪ್ಪನೆಯ ಇ ತಂತಿಯಿಂದ ಒಂದೊಂದೇ ಸ್ವರವನ್ನು ಮೇಲಕ್ಕೆ ನುಡಿಸಿ. ಯಾವುದೋ ಒಂದೇ ಸ್ವರಕ್ಕೆ ಮಾತ್ರ ಗುಂಯ್ ಎಂಬ ಕಂಪನ ಬಂದರೆ ಅದು ಹೆಚ್ಚಾಗಿ ಪೆಟ್ಟಿಗೆಯ ಯಾವುದೋ ಸಡಿಲ ಭಾಗದ್ದು. ಆ ಸ್ವರ ನುಡಿಯುತ್ತಿರುವಾಗ ಹಿಂಬದಿ ಹಲಗೆ, ಜಾಲರಿಯ ಚೌಕಟ್ಟು, ಹಿಡಿಕೆಗಳನ್ನು ಒಂದೊಂದಾಗಿ ಒತ್ತಿ ನೋಡಿದರೆ ಸಿಕ್ಕಿಬೀಳುತ್ತದೆ. ಎಲ್ಲ ಸ್ವರಗಳಲ್ಲೂ ಉಜ್ಜುವ ಸದ್ದಿದ್ದರೆ ನಟ್‌ಗಳನ್ನು ಸಡಿಲಿಸಿ ಮತ್ತೆ ಸಮವಾಗಿ ಬಿಗಿಯಿರಿ. ಹೊಸ ಸ್ಪೀಕರ್ ಮೊದಮೊದಲು ಬಿಗಿಯಾಗಿ, ತುಸು ಚುಚ್ಚುವಂತೆ ಕೇಳುವುದು ಸಹಜ. ಕೋನ್‌ನ ಅಂಚು ಬಳಕೆಯಿಂದ ಪಳಗುವವರೆಗೆ ಟೋನ್ ಗುಂಡಿಗಳ ಬಗ್ಗೆಯಾಗಲಿ ಸ್ಪೀಕರ್‌ನ ಬಗ್ಗೆಯಾಗಲಿ ತೀರ್ಪು ಕೊಡಬೇಡಿ. ಅಲ್ಲಿಯವರೆಗೆ ಹಳೆಯದನ್ನು ಹೊಸದು ಬಂದ ಡಬ್ಬದಲ್ಲೇ, ಓಮ್ ಸಂಖ್ಯೆಯನ್ನು ಮೇಲೆ ಬರೆದು ಇಟ್ಟುಕೊಂಡಿರುವುದು ಒಳ್ಳೆಯದು.