ಗಟ್ಟಿಮೇಳಕ್ಕೆ ಮುಂಚೆ ಎಲ್ಲಿ ನಿಲ್ಲಬೇಕು? ಮೊದಲ ಸಲ ಮದುವೆ ಫೋಟೊ ತೆಗೆಯುವವರಿಗೆ

ನನ್ನ ಹತ್ತಿರ ಚಿಕ್ಕಪ್ಪನ ಮಗಳ ಮಾಂಗಲ್ಯಧಾರಣೆಯ ಫೋಟೊ ಒಂದಿದೆ. ಅದರಲ್ಲಿ ಕಾಣುವುದು ಕಂದು ಬಣ್ಣದ ಸಫಾರಿ ಸೂಟಿನ ಬೆನ್ನು, ಅದರ ಮೇಲೆ ನಾಲ್ಕು ಅಕ್ಷತೆ ಕಾಳು. ಗಂಡು, ಹೆಣ್ಣು ಇಬ್ಬರೂ ಆ ಬೆನ್ನಿನ ಹಿಂದೆ ಎಲ್ಲೋ ಇದ್ದಾರೆ. ಪುರೋಹಿತರು 'ಗಟ್ಟಿಮೇಳ, ಗಟ್ಟಿಮೇಳ' ಎಂದು ಕೂಗಿದ್ದೇ ತಡ, ಮುಂದಿನ ಸಾಲಿನಲ್ಲಿ ಕೂತಿದ್ದವರೆಲ್ಲ ಎದ್ದು ಮಂಟಪಕ್ಕೆ ನುಗ್ಗಿದರು. ನಾನು ಮೂರನೇ ಸಾಲಿನ ಪಕ್ಕ ನಿಂತಿದ್ದೆ. ಕ್ಯಾಮೆರಾ ಒಳ್ಳೆಯದೇ ಇತ್ತು. ಕಂತಿನ ಮೇಲೆ ಕೊಂಡಿದ್ದು.

ಆಮೇಲೆ ನೆಂಟರ, ಸ್ನೇಹಿತರ ಮದುವೆಗಳಲ್ಲಿ ಕ್ಯಾಮೆರಾ ಹಿಡಿದು ಓಡಾಡಿ ಒಂದಿಷ್ಟು ಕಲಿತಿದ್ದೇನೆ. ಇದು ಹವ್ಯಾಸಿಯೊಬ್ಬ ಇನ್ನೊಬ್ಬ ಹವ್ಯಾಸಿಗೆ ಹೇಳುವ ಮಾತು. ಹೆಚ್ಚಿನದು ಹಳೇ ಮೈಸೂರು ಕಡೆಯ ಛತ್ರದ ಮದುವೆಯ ಲೆಕ್ಕ. ನಿಮ್ಮ ಮನೆಯ ಶಾಸ್ತ್ರ ಬೇರೆ ಇದ್ದರೆ ಅದಕ್ಕೆ ಹೊಂದಿಸಿಕೊಳ್ಳಿ.

ಒಪ್ಪಿಕೊಳ್ಳುವ ಮುಂಚೆ

'ನಿನ್ನ ಹತ್ರ ಕ್ಯಾಮೆರಾ ಇದೆಯಲ್ಲ, ಫೋಟೊಗ್ರಾಫರ್ ಖರ್ಚು ಉಳೀತು ಬಿಡು' ಅಂತ ಯಾರಾದರೂ ಅಂದರೆ ಬೇಡ ಎನ್ನಿ. ನಾಚಿಕೆ ಬೇಡ, ನೇರವಾಗಿ ಹೇಳಿ. ಮೊದಲ ಸಲ ತೆಗೆಯುವವರು ಇರುವ ಒಬ್ಬರೇ ಫೋಟೊಗ್ರಾಫರ್ ಆಗಬಾರದು. ಹಣ ಕೊಟ್ಟು ಕರೆಸಿದವರು ಇರಲಿ, ಅವರ ಜೊತೆಗೆ ನೀವೂ ಇರಿ. ಆಗ ಮಾಂಗಲ್ಯದ ಫೋಟೊ ಕೈತಪ್ಪಿದರೂ ಮನೆಯವರು ನಿಮ್ಮ ಜೊತೆ ಮಾತು ಬಿಡುವುದಿಲ್ಲ.

ಖರ್ಚಿಗೇ ಕಷ್ಟ ಇರುವ ಸಣ್ಣ ಮದುವೆಯಾದರೆ ಬೇರೆ ಮಾತು. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದ ರೀತಿಯಲ್ಲಿ ಮನೆಯಂಗಳದಲ್ಲಿ ನಡೆಯುವ ಮದುವೆಗೆ ಒಬ್ಬರೇ ಸಾಕಾಗಬಹುದು. ಆದರೆ ಅಲ್ಲಿ ಎಲ್ಲವೂ ಬೇಗ ಮುಗಿಯುತ್ತದೆ. ಲೆನ್ಸ್ ಬದಲಾಯಿಸುತ್ತಾ ಕೂತರೆ ಮದುವೆಯೇ ಆಗಿಹೋಗಿರುತ್ತದೆ.

ದೊಡ್ಡಮ್ಮನ ಜೊತೆ ಒಂದು ಗಂಟೆ

ಯೂಟ್ಯೂಬ್ ನೋಡುವ ಮುಂಚೆ ಮಾಡಬೇಕಾದ ಕೆಲಸ ಇದು. ಆ ಮನೆಯಲ್ಲಿ ಶಾಸ್ತ್ರ ಗೊತ್ತಿರುವ ಹಿರಿಯರೊಬ್ಬರನ್ನು ಹಿಡಿಯಿರಿ. ಸಾಮಾನ್ಯವಾಗಿ ಅದು ದೊಡ್ಡಮ್ಮನೋ ಅಜ್ಜಿಯೋ ಆಗಿರುತ್ತಾರೆ. ಮದುಮಗಳನ್ನು ಕೇಳಬೇಡಿ, ಅವಳಿಗೂ ಗೊತ್ತಿರುವುದಿಲ್ಲ. ಚಪ್ಪರ ಪೂಜೆಯಿಂದ ಮನೆ ತುಂಬಿಸಿಕೊಳ್ಳುವವರೆಗೆ ಏನೇನು, ಯಾವುದಾದ ಮೇಲೆ ಯಾವುದು, ಎಲ್ಲಿ, ಯಾರು ಮಾಡುತ್ತಾರೆ ಎಂದು ಕೇಳಿ ಬರೆದುಕೊಳ್ಳಿ. ವರಪೂಜೆ, ಕಾಶಿಯಾತ್ರೆ, ಅಂತರಪಟ, ಧಾರೆ, ಮಾಂಗಲ್ಯ, ಲಾಜಾಹೋಮ, ಸಪ್ತಪದಿ ಎಂದು ಪಟ್ಟಿ ಬೆಳೆಯುತ್ತದೆ. ಒಂದೊಂದು ಮನೆಯಲ್ಲೂ ಒಂದೆರಡು ಹೆಚ್ಚು ಕಡಿಮೆ.

ಕೆಲವು ಸಮುದಾಯಗಳಲ್ಲಿ ಬಂದವರೆಲ್ಲ ಸಾಲಾಗಿ ನಿಂತು ಹಾಲಿನ ಧಾರೆ ಎರೆಯುತ್ತಾರೆ. ಅಲ್ಲಿ ಜನದ ಸಾಲು ನಿಮಗೂ ಮದುಮಕ್ಕಳಿಗೂ ನಡುವೆ ಬರುತ್ತದೆ. ಕೊಡವರ ಮದುವೆಯಲ್ಲಿ ಮದುಮಗ ಕುಪ್ಯ ಎಂಬ ಬಿಳಿಯ ಉದ್ದ ಅಂಗಿ ತೊಟ್ಟಿರುತ್ತಾನೆ. ಬಿಳಿ ಜಾಸ್ತಿ ಇದ್ದರೆ ಕ್ಯಾಮೆರಾ ಮೋಸಹೋಗಿ ಫೋಟೊ ಮಬ್ಬು ಮಾಡುತ್ತದೆ, ಎಕ್ಸ್‌ಪೋಷರ್ ಅರ್ಧದಿಂದ ಒಂದು ಸ್ಟಾಪ್ ಏರಿಸಬೇಕು (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಅಲ್ಲೇ ಬಾಳೆದಿಂಡು ಕಡಿಯುವ ಶಾಸ್ತ್ರವೂ ಉಂಟು. ಕತ್ತಿ ಬೀಸುವುದನ್ನು ಹಿಡಿಯಲು ಶಟರ್ ವೇಗ, ಅಂದರೆ ಶಟರ್ ತೆರೆದಿರುವ ಹೊತ್ತು, ಸೆಕೆಂಡಿನ 1/500 ಭಾಗಕ್ಕಿಂತ ಜಾಸ್ತಿ ಇರಬಾರದು. ಇಂಥದ್ದೆಲ್ಲ ಮೊದಲೇ ಗೊತ್ತಿದ್ದರೆ ಮಾತ್ರ ಕೈ ತಯಾರಾಗಿರುತ್ತದೆ.

ಲಗ್ನಪತ್ರಿಕೆಯನ್ನೂ ಸರಿಯಾಗಿ ಓದಿ. 'ಬೆಳಗ್ಗೆ 9.15ರಿಂದ 10.05ರ ಶುಭಲಗ್ನದಲ್ಲಿ' ಎಂದಿದ್ದರೆ ತಾಳಿ ಆ 50 ನಿಮಿಷದೊಳಗೆ ಯಾವಾಗ ಬೇಕಾದರೂ ಬೀಳಬಹುದು. ಆ ಹೊತ್ತಿಗೆ ತಿಂಡಿ ಹಾಲ್‌ನಲ್ಲಿ ಎರಡನೇ ಕಾಫಿ ಕುಡಿಯುತ್ತಾ ನಿಂತಿರಬೇಡಿ.

ಛತ್ರವನ್ನು ಒಮ್ಮೆ ನೋಡಿ ಬನ್ನಿ

ಒಂದು ದಿನ ಮುಂಚೆ, ಆಗುವುದಾದರೆ ಮುಹೂರ್ತದ ಹೊತ್ತಿಗೇ ಹೋಗಿ. ಮೇಲೆ ನೋಡಿ. ಚಾವಣಿ ಬಿಳಿಯಾಗಿದ್ದು ಹತ್ತು ಹನ್ನೆರಡು ಅಡಿ ಎತ್ತರದಲ್ಲಿದ್ದರೆ ನಿಮ್ಮ ಅದೃಷ್ಟ. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿದರೆ ಬೆಳಕು ಅಲ್ಲಿಂದ ಹರಡಿ ಮೆತ್ತಗೆ ಇಳಿಯುತ್ತದೆ. ಚಾವಣಿ ತೀರಾ ಎತ್ತರವಿದ್ದರೆ, ಇಲ್ಲವೇ ಬಣ್ಣದ ಬಟ್ಟೆ ಕಟ್ಟಿದ್ದರೆ ಈ ಉಪಾಯ ನಡೆಯುವುದಿಲ್ಲ. ಕೆಂಪು ಬಟ್ಟೆಗೆ ಬಡಿದ ಬೆಳಕು ಎಲ್ಲರ ಮುಖಕ್ಕೂ ಕೆಂಪು ಬಳಿಯುತ್ತದೆ.

ಕಿಟಕಿ ಯಾವ ಕಡೆ, ವಾಲಗದವರು ಎಲ್ಲಿ ಕೂರುತ್ತಾರೆ, ಮಂಟಪಕ್ಕೆ ಹತ್ತುವ ಮೆಟ್ಟಿಲು ಎಷ್ಟು ಕಡೆ ಇದೆ, ಚಾರ್ಜ್‌ಗೆ ಹಾಕಲು ಪ್ಲಗ್ ಎಲ್ಲಿದೆ, ಇವನ್ನೂ ನೋಡಿಕೊಳ್ಳಿ.

ಚೀಲದಲ್ಲಿ ಏನಿರಬೇಕು

ಹೊಸ ಕ್ಯಾಮೆರಾ ಕೊಳ್ಳಬೇಡಿ. ಇರುವುದೇ ಸಾಕು. ಕ್ಯಾಮೆರಾ ಜೊತೆ ಬಂದ 18-55 ಎಂಎಂ ಲೆನ್ಸ್ ಗುಂಪು ಫೋಟೊಗೆ, ಛತ್ರದ ನೋಟಕ್ಕೆ ಆಗುತ್ತದೆ. ಅದರ ಜೊತೆ 50 ಎಂಎಂ ಎಫ್ 1.8 ಲೆನ್ಸ್ (ಎಫ್ ಸಂಖ್ಯೆ ಕಡಿಮೆಯಾದಷ್ಟೂ ಒಳಗೆ ಬರುವ ಬೆಳಕು ಜಾಸ್ತಿ) ಒಂದಿದ್ದರೆ ಮಂಟಪದ ಮಂದ ಬೆಳಕಿನಲ್ಲಿ ಅದೇ ಕಾಪಾಡುತ್ತದೆ. ಕಡಿಮೆ ಬೆಲೆಯ ಲೆನ್ಸ್, ಯಾರಾದರೂ ಸ್ನೇಹಿತರ ಹತ್ತಿರ ಇದ್ದೇ ಇರುತ್ತದೆ. ಬಾಡಿಗೆಗೆ ತಂದರೆ ಹಿಂದಿನ ದಿನವೇ ತಂದು ಮನೆಯಲ್ಲಿ ನೂರು ಫೋಟೊ ತೆಗೆದು ನೋಡಿ.

ಬ್ಯಾಟರಿ ಮೂರು. ಮೆಮೊರಿ ಕಾರ್ಡ್ ಒಂದು ದೊಡ್ಡದರ ಬದಲು 64 ಜಿಬಿಯ ಎರಡು. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ರಾ ಫೈಲ್, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್, ಸುಮಾರು 25ರಿಂದ 30 ಎಂಬಿ ಆಗುತ್ತದೆ. ಅಂದರೆ ಒಂದು ಕಾರ್ಡಿಗೆ ಎರಡು ಸಾವಿರದಷ್ಟು ಫೋಟೊ. ಒಂದು ಕೆಟ್ಟರೂ ಅರ್ಧ ಮದುವೆ ಉಳಿಯುತ್ತದೆ.

ಇನ್ನು ಬಟ್ಟೆ. ಪಂಚೆ ಉಟ್ಟು ಮಂಡಿಯೂರಿ ಫೋಟೊ ತೆಗೆಯಲು ನಾನು ಒಮ್ಮೆ ನೋಡಿದ್ದೇನೆ, ನೀವು ನೋಡಬೇಡಿ. ಜೇಬಿರುವ ಪ್ಯಾಂಟು, ಮೇಲೊಂದು ಜುಬ್ಬ ಸಾಕು. ಮಂಟಪ ಹತ್ತುವಾಗ ಪ್ರತಿ ಸಲ ಚಪ್ಪಲಿ ಬಿಡಬೇಕು, ಲೇಸಿನ ಶೂ ಬೇಡ.

ಸೆಟ್ಟಿಂಗ್: ಇಷ್ಟು ಸಾಕು

ರಾ ಫೈಲ್‌ನಲ್ಲೇ ತೆಗೆಯಿರಿ. ಮಂಟಪದಲ್ಲಿ ಹಳದಿ ಬಲ್ಬು, ಹಿಂದೆ ಬಣ್ಣದ ಎಲ್‌ಇಡಿ, ಪಕ್ಕದಲ್ಲಿ ವಿಡಿಯೊದವರ ಬಿಳಿ ಲೈಟು, ಎಲ್ಲವೂ ಕಲಸಿರುತ್ತವೆ. ಬಣ್ಣವನ್ನು ಮನೆಗೆ ಬಂದು ಸರಿಮಾಡಲು ರಾ ಫೈಲ್ ಬೇಕೇ ಬೇಕು. ಅರಿಶಿನ ಶಾಸ್ತ್ರದಲ್ಲಂತೂ ಬಣ್ಣವನ್ನು ಕ್ಯಾಮೆರಾವೇ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ನಂಬಬೇಡಿ. ಎಲ್ಲೆಲ್ಲೂ ಹಳದಿ ಕಂಡು ಕ್ಯಾಮೆರಾ ಗಾಬರಿಯಾಗಿ ಅದನ್ನು ತೆಗೆಯಲು ಹೋಗುತ್ತದೆ, ಮುಖಗಳು ನೀಲಿಗಟ್ಟುತ್ತವೆ. ಹಗಲು ಬೆಳಕಿದ್ದರೆ ಡೇಲೈಟ್‌ಗೆ ಇಟ್ಟುಬಿಡಿ.

ಇಬ್ಬರ ಮುಖವೂ ಸ್ಪಷ್ಟ ಇರಬೇಕಾದರೆ ಎಫ್ 2.8ರಿಂದ 4. ಲೆನ್ಸಿಗೆ 1.8 ಇದೆ ಅಂತ ಅದನ್ನೇ ಇಟ್ಟರೆ ಮದುಮಗಳು ಸ್ಪಷ್ಟ, ಪಕ್ಕದ ಮದುಮಗ ಮಸುಕು. ಅವನ ಕಡೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೊದಲ್ಲಿರಲಿ, ಮೇಲಿನ ಮಿತಿ 6400. ಸ್ವಲ್ಪ ಕಾಳು ಕಾಳಾಗಿ ಬಂದರೂ ಚಿಂತೆಯಿಲ್ಲ. ಅಲುಗಿದ ಫೋಟೊವನ್ನು ಸರಿಮಾಡಲು ಯಾವ ಸಾಫ್ಟ್‌ವೇರಿಗೂ ಸುಲಭವಲ್ಲ.

ಶಟರ್ ಬಗ್ಗೆ ಯಾರೂ ಹೇಳದ ಒಂದು ಸಂಗತಿ ಇದೆ. ನಮ್ಮ ಕರೆಂಟು 50 ಹರ್ಟ್ಜ್. ಹಾಗಾಗಿ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಫೋಟೊದ ಅಡ್ಡಕ್ಕೆ ಕಪ್ಪು ಪಟ್ಟಿ ಬಂದರೆ ಕಾರಣ ಇದೇ. 1/100ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇಲ್ಲಿ ಬೇಡ, ಅದರಲ್ಲಿ ಈ ಪಟ್ಟಿ ಇನ್ನೂ ಜಾಸ್ತಿ.

ಬೆಳಗ್ಗೆ ಮೂವರನ್ನು ಮಾತಾಡಿಸಿ

ಒಬ್ಬರು ಪುರೋಹಿತರು. ಕೆಲಸ ಶುರುವಾಗುವ ಮುಂಚೆಯೇ ಹೋಗಿ ನಮಸ್ಕರಿಸಿ ಕೇಳಿ: 'ಸ್ವಾಮಿ, ಮೊದಲ ಸಲ ತೆಗೀತಿದ್ದೀನಿ. ನಾನು ಎಲ್ಲಿ ನಿಂತರೆ ನಿಮಗೆ ಅಡ್ಡ ಆಗಲ್ಲ? ಗಟ್ಟಿಮೇಳಕ್ಕೆ ಮುಂಚೆ ಒಂದು ಸಲ ನನ್ನ ಕಡೆ ನೋಡ್ತೀರಾ?' ಹೀಗೆ ಕೇಳಿದವರಿಗೆ ಬೇಡ ಎಂದ ಪುರೋಹಿತರನ್ನು ನಾನು ಕಂಡಿಲ್ಲ. ಕೇಳದೆ ಹೋಮಕುಂಡದ ಹತ್ತಿರ ಕಾಲಿಟ್ಟವರಿಗೆ ಮಂತ್ರದ ಮಧ್ಯೆಯೇ ಬೈಗುಳ ಬಿದ್ದದ್ದು ಕಂಡಿದ್ದೇನೆ. ಅವರು ಮಡಿಯಲ್ಲಿರುತ್ತಾರೆ, ಮೈ ತಾಗದ ಹಾಗೆ ಓಡಾಡಿ.

ಇನ್ನೊಬ್ಬರು ಹಣ ಕೊಟ್ಟು ಕರೆಸಿದ ಫೋಟೊಗ್ರಾಫರ್. ಅದು ಅವರ ಹೊಟ್ಟೆಪಾಡು. ನಿಮ್ಮ ಹಿಂದೆ ನಾನಿರ್ತೀನಿ, ಅಡ್ಡ ಬಂದರೆ ಹೇಳಿಬಿಡಿ ಅಣ್ಣಾ ಎಂದರೆ ಅರ್ಧ ಜಗಳ ಅಲ್ಲೇ ತಪ್ಪಿತು. ವಿಡಿಯೊದವರ ಲೈಟು ನಿಮಗೂ ಬೆಳಕು. ಆ ಲೈಟು ಮುಖದ ಒಂದು ಪಕ್ಕಕ್ಕೆ ಬೀಳುವ ಕಡೆ ನಿಂತರೆ ಫ್ಲ್ಯಾಶ್ ಬೇಕಾಗದೆಯೂ ಇರಬಹುದು.

ಮೂರನೆಯವರು ಮದುಮಗಳ ಜೊತೆಗೇ ಇರುವ ಗೆಳತಿ ಅಥವಾ ತಂಗಿ. ಯಾವಾಗ ಕೋಣೆಯಿಂದ ಹೊರಡುತ್ತಾರೆ ಎಂದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಅಂತರಪಟದಿಂದ ಗಟ್ಟಿಮೇಳದವರೆಗೆ

ಇಡೀ ದಿನದಲ್ಲಿ ಕಷ್ಟದ ಹೊತ್ತು ಇದೇ.

ಅಂತರಪಟ ಹಿಡಿದಾಗ ಇಬ್ಬರೂ ಎದುರು ಬದುರು ಇರುತ್ತಾರೆ, ನಡುವೆ ಬಟ್ಟೆ. ಬಟ್ಟೆಯ ಅಂಚಿನ ನೇರಕ್ಕೆ, ಪಕ್ಕದಲ್ಲಿ ನಿಂತರೆ ಒಂದೇ ಚೌಕಟ್ಟಿನಲ್ಲಿ ಎರಡೂ ಮುಖ ಸಿಗುತ್ತವೆ. ಈ ಕಡೆಯವನು ಕಣ್ಣು ಮುಚ್ಚಿ ನಿಂತಿದ್ದಾನೆ, ಆ ಕಡೆಯವಳು ನಗು ತಡೆಯುತ್ತಿದ್ದಾಳೆ, ಇದು ಕಾಣುವುದು ಅಲ್ಲಿಂದ ಮಾತ್ರ. ಆ ಜಾಗದಲ್ಲಿ ಬಟ್ಟೆ ಹಿಡಿದವರು ನಿಂತಿರುತ್ತಾರೆ. ಅವರ ತೋಳಿನ ಕೆಳಗೆ ಕೂತುಕೊಳ್ಳಿ. ಬಟ್ಟೆ ಸರಿದದ್ದೇ ಜೀರಿಗೆ ಬೆಲ್ಲ ತಲೆಗೆ ಬೀಳುತ್ತದೆ. ಎರಡು ಮೂರು ಸೆಕೆಂಡಿನ ಆಟ. ಮೊದಲೇ ಫೋಕಸ್ ಮಾಡಿಕೊಂಡು, ಒಂದೇ ಸಮನೆ ತೆಗೆಯುವ ಮೋಡ್‌ನಲ್ಲಿಟ್ಟು ಗುಂಡಿ ಒತ್ತಿ ಹಿಡಿಯಿರಿ.

ಧಾರೆಯಲ್ಲಿ ಮುಖ ಬಿಟ್ಟು ಕೈ ನೋಡಿ. ಅಪ್ಪನ ಕೈ, ಮಗಳ ಕೈ, ಅಳಿಯನ ಕೈ, ತೆಂಗಿನಕಾಯಿ, ಮೇಲಿಂದ ನೀರು ಬಿಡುವ ಅಮ್ಮನ ಕೈ. ನೀರಿನ ಎಳೆ ನಿಂತ ಹಾಗೆ ಕಾಣಬೇಕಾದರೆ ಶಟರ್ 1/250 ಆದರೂ ಬೇಕು. ಕಪ್ಪು ಪಟ್ಟಿ ಬರುತ್ತಿದ್ದರೆ 1/100ರಲ್ಲೇ ತೆಗೆಯಿರಿ, ನೀರು ಸ್ವಲ್ಪ ಮಸುಕಾಗಿ ಬರುತ್ತದೆ, ಅದೂ ಚೆಂದವೇ.

ಈಗ ಮಾಂಗಲ್ಯ. ತಾಳಿಯ ತಟ್ಟೆ ಹಿರಿಯರ ಕೈಗೆ ಮುಟ್ಟಿಸಲು ಛತ್ರದೊಳಗೆ ಸುತ್ತಲು ಹೊರಟಿತು ಎಂದರೆ ನೀವು ಆಗಲೇ ಮಂಟಪದ ಮೂಲೆಯಲ್ಲಿರಬೇಕು. ಆಮೇಲೆ ಹತ್ತಲು ಜನ ಬಿಡುವುದಿಲ್ಲ. ಮದುಮಗಳ ಎದುರಿಗೆ, ಸ್ವಲ್ಪ ಪಕ್ಕಕ್ಕೆ, ತಗ್ಗಾಗಿ ಕೂರಿ. ಅಕ್ಷತೆ ಹಾಕಲು ನುಗ್ಗುವವರು ನಿಮ್ಮ ಬೆನ್ನ ಹಿಂದೆ ಉಳಿಯುತ್ತಾರೆ, ಲೆನ್ಸ್ ಮುಂದೆ ಬರುವುದಿಲ್ಲ. ಅವರಿಗೆ ನೀವು ಅಡ್ಡವಾಗದಿರಲು ಕೂರಲೇಬೇಕು. ಗಂಟು ಹಾಕುವಾಗ ಮದುಮಗ ಬಗ್ಗುತ್ತಾನೆ, ಅವನ ಅಕ್ಕನೋ ತಂಗಿಯೋ ಹಿಂದಿನಿಂದ ಕೈ ಸೇರಿಸುತ್ತಾಳೆ, ಮದುಮಗಳು ತಲೆ ತಗ್ಗಿಸುತ್ತಾಳೆ. ಮುಖ ಕಾಣುವುದು ಕೆಳಗಿನಿಂದಲೇ.

ಹತ್ತು ಫೋಟೊ ಆಯಿತಾ? ಸಾಕು, ತಿರುಗಿ. ಎಲ್ಲ ಕ್ಯಾಮೆರಾಗಳೂ ತಾಳಿ ನೋಡುತ್ತಿರುವಾಗ ಮದುಮಗಳ ಅಪ್ಪ ಶಲ್ಯದ ಅಂಚಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿರುತ್ತಾರೆ. ವಾಲಗದವರ ಕೆನ್ನೆ ಉಬ್ಬಿರುತ್ತದೆ. ಹಣ ಕೊಟ್ಟು ಕರೆಸಿದವರಿಗೆ ಇದನ್ನು ತೆಗೆಯಲು ಪುರುಸೊತ್ತು ಇರುವುದಿಲ್ಲ. ಈ ಫೋಟೊಗಳಿಗಾಗಿಯೇ ನೀವು ಅಲ್ಲಿರುವುದು.

ಹೊಗೆ, ಗುಂಪು, ಊಟ

ಹೋಮದ ಹೊತ್ತಿಗೆ ಫ್ಲ್ಯಾಶ್ ಆರಿಸಿ. ಫ್ಲ್ಯಾಶ್ ಬೆಳಕು ಹೊಗೆಗೆ ಬಡಿದು ಎಲ್ಲ ಬೆಳ್ಳಗಾಗುತ್ತದೆ. ಹೊಗೆಯಲ್ಲಿ ಫೋಕಸ್ ತಡಕಾಡಿದರೆ ಹಣೆಯ ಕುಂಕುಮದ ಮೇಲೆ ಒಂದೇ ಬಿಂದು ಇಟ್ಟು ಪ್ರಯತ್ನಿಸಿ. ಆಮೇಲೆ ಹಾಡುಹಗಲಲ್ಲಿ ಅರುಂಧತಿ ನಕ್ಷತ್ರ ತೋರಿಸಲು ಹೊರಗೆ ಕರೆದುಕೊಂಡು ಹೋಗುತ್ತಾರಲ್ಲ, ಅಲ್ಲಿ ಬೆಳಕೂ ಚೆನ್ನಾಗಿರುತ್ತದೆ, ಎಲ್ಲರೂ ನಗುತ್ತಲೂ ಇರುತ್ತಾರೆ. ಬಿಡಬೇಡಿ.

ಗುಂಪು ಫೋಟೊಗೆ ಎಫ್ 5.6ರಿಂದ 8, ಒಂದೊಂದು ಗುಂಪಿಗೆ ನಾಲ್ಕು ಸಲ ಕ್ಲಿಕ್. ಯಾರಾದರೊಬ್ಬರು ಕಣ್ಣು ಮುಚ್ಚೇ ಮುಚ್ಚುತ್ತಾರೆ. ಎರಡೂ ಕಡೆಯಿಂದ ಗಂಟಲು ದೊಡ್ಡದಿರುವ ಒಬ್ಬೊಬ್ಬರನ್ನು ಹೆಸರು ಕೂಗಲು ನಿಲ್ಲಿಸಿ. ವಯಸ್ಸಾದವರನ್ನು ಮೊದಲು ಮುಗಿಸಿ, ಅವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಪಂಕ್ತಿಗೆ ಹೋಗಬೇಕು.

ಪಂಕ್ತಿಯ ಫೋಟೊ ಎಲೆ ಹಾಕಿ ಬಡಿಸುವಾಗಲೇ ಚೆಂದ. ಬಾಯಿಗೆ ತುತ್ತು ಇಟ್ಟ ಮೇಲೆ ತೆಗೆದರೆ ಯಾರಿಗೂ ಇಷ್ಟವಾಗುವುದಿಲ್ಲ. ನೀವೂ ಸಿಕ್ಕ ಪಂಕ್ತಿಯಲ್ಲಿ ಕೂತು ಊಟ ಮಾಡಿ. ಕೊನೆಯ ಪಂಕ್ತಿಗೆ ಉಳಿದರೆ ಹೋಳಿಗೆ ಮುಗಿದಿರುತ್ತದೆ.

ಹೆಣ್ಣೊಪ್ಪಿಸುವಾಗ ಮಾತ್ರ ದೂರ ನಿಲ್ಲಿ. ಫ್ಲ್ಯಾಶ್ ಬೇಡ. 'ಅಮ್ಮ, ಇನ್ನೊಂದ್ಸಲ ತಬ್ಕೊಳಿ' ಎಂದು ಹೇಳುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ.

ಮನೆಗೆ ಬಂದ ಮೇಲೆ

ಎಷ್ಟೇ ಸುಸ್ತಾಗಿದ್ದರೂ ಮಲಗುವ ಮುಂಚೆ ಕಾರ್ಡಿನಿಂದ ಎರಡು ಕಡೆ ಕಾಪಿ ಮಾಡಿ, ಒಂದು ಲ್ಯಾಪ್‌ಟಾಪ್, ಒಂದು ಹಾರ್ಡ್ ಡಿಸ್ಕ್. ಫೋಟೊ ಕೊಟ್ಟು ಮುಗಿಯುವವರೆಗೆ ಕಾರ್ಡ್ ಅಳಿಸಬೇಡಿ.

ಅದೇ ರಾತ್ರಿ ಹತ್ತು ಫೋಟೊ ಮದುಮಕ್ಕಳಿಗೆ ಕಳಿಸಿ, ಅವರು ಕಾಯುತ್ತಿರುತ್ತಾರೆ. ಅವರು ಹಾಕುವ ಮುಂಚೆ ನೀವು ಸ್ಟೇಟಸ್‌ಗೆ ಹಾಕಬೇಡಿ. ಅರಿಶಿನದ ನೀರಲ್ಲಿ ತೊಯ್ದ ಫೋಟೊಗಳನ್ನಂತೂ ಕೇಳದೆ ಯಾರಿಗೂ ಕಳಿಸಬೇಡಿ. ಸಾವಿರದೈನೂರು ತೆಗೆದಿದ್ದರೆ ಮುನ್ನೂರು ಆರಿಸಿ. ಒಂದೇ ನಗುವಿನ ಏಳು ಫೋಟೊ ಕೊಟ್ಟರೆ ಯಾರೂ ನೋಡುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಸುಮ್ನೆ ಕಳಿಸಿದರೆ ಫೋಟೊ ಕುಗ್ಗುತ್ತದೆ, ಪೆನ್‌ಡ್ರೈವ್‌ನಲ್ಲಿ ಕೊಡಿ. ಎರಡು ವಾರ ದಾಟಿಸಬೇಡಿ.

ಪಟ್ಟಿ ಬರೆಸಿದ ದೊಡ್ಡಮ್ಮನಿಗೆ ಮಾತ್ರ ಪೆನ್‌ಡ್ರೈವ್ ಬೇಡ. ಒಂದೆರಡು ಪ್ರಿಂಟ್ ಹಾಕಿಸಿ ನೀವೇ ಹೋಗಿ ಕೊಡಿ. ಇಬ್ಬರ ಮುಖವೂ ದೊಡ್ಡದಾಗಿ ಇರಲಿ, ಕನ್ನಡಕ ಹುಡುಕದೆ ನೋಡುವ ಹಾಗೆ. ನಮ್ಮ ದೊಡ್ಡಮ್ಮ ಫ್ರಿಜ್ ಮೇಲೆ ಇಟ್ಟುಕೊಂಡಿದ್ದಾರೆ. ಆ ಸಫಾರಿ ಸೂಟಿನದ್ದನ್ನೂ ಕೇಳಿ ಇಸಿದುಕೊಂಡರು. ಅದು ದೊಡ್ಡಪ್ಪನ ಬೆನ್ನು.