ಹಾಕಿದ ರೂಟ್ ಒಂದು, ಮ್ಯಾಪ್ ಕರೆದೊಯ್ಯುವುದು ಇನ್ನೊಂದು: ಸರಿಪಡಿಸುವುದು ಹೇಗೆ?

ಧರ್ಮಸ್ಥಳಕ್ಕೆ ಹೊರಟಿದ್ದೆವು. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದರೆ ಬೇಗ, ಗೊತ್ತು. ಆದರೆ ಅಮ್ಮನಿಗೆ ಬೇಲೂರು ನೋಡಬೇಕಿತ್ತು, ನನಗೆ ಕೊಟ್ಟಿಗೆಹಾರದ ನೀರು ದೋಸೆ ತಿನ್ನಬೇಕಿತ್ತು. ಹಿಂದಿನ ರಾತ್ರಿ ಕಂಪ್ಯೂಟರ್‌ನಲ್ಲಿ ಮ್ಯಾಪ್ ತೆರೆದು, ನೀಲಿ ಗೆರೆಯನ್ನು ಎಳೆದೂ ಎಳೆದೂ ಚಾರ್ಮಾಡಿ ಮೇಲೆ ತಂದು ಕೂರಿಸಿದೆ. ಬೆಳಿಗ್ಗೆ ಫೋನಿನಲ್ಲಿ ‘ಧರ್ಮಸ್ಥಳ’ ಅಂತ ಹೊಸದಾಗಿ ಒತ್ತಿ ಗಾಡಿ ತೆಗೆದೆ. ಹಾಸನ ಬಂತು. ಮ್ಯಾಪ್ ಸಕಲೇಶಪುರದ ಕಡೆ ಹೋಗು ಅಂತು, ನಾನೂ ಹೊರಟೆ. ಹಿಂದಿನ ಸೀಟಿನಿಂದ ಅಮ್ಮ, ‘ಏನೋ, ಬೇಲೂರು ಬಲಕ್ಕಲ್ವೇನೋ?’ ಅಂದರು. ಅವರು ಬೋರ್ಡ್ ಓದಿದ್ದರು.

ತಪ್ಪು ನನ್ನದೇ. ರಾತ್ರಿ ಎಳೆದ ಗೆರೆ ಫೋನಿಗೆ ತಾನಾಗಿಯೇ ಬರುತ್ತದೆ ಅಂದುಕೊಂಡಿದ್ದೆ. ಮ್ಯಾಪಿಗೆ ದಾರಿ ನೆನಪಿರುವುದಿಲ್ಲ, ಜಾಗಗಳು ಮಾತ್ರ ನೆನಪಿರುತ್ತವೆ. ಎರಡು ಜಾಗಗಳ ನಡುವೆ ಯಾವ ದಾರಿ ಅನ್ನುವುದನ್ನು ಅದು ಆಗಾಗ ಹೊಸದಾಗಿ ಲೆಕ್ಕ ಹಾಕುತ್ತಲೇ ಇರುತ್ತದೆ. ಇದೊಂದು ತಲೆಯಲ್ಲಿದ್ದರೆ ಅರ್ಧ ತಲೆನೋವು ಕಡಿಮೆ. ಇಲ್ಲಿ ಹೇಳುವುದು ಜಾಸ್ತಿ ಜನ ಬಳಸುವ ಗೂಗಲ್ ಮ್ಯಾಪ್ಸ್ ಬಗ್ಗೆ.

ಮೊದಲು: ಗೆರೆ ಬಿಡಿ, ಸ್ಟಾಪ್ ಹಾಕಿ

ಗೆರೆ ಹಿಡಿದು ಎಳೆಯುವ ಸೌಲಭ್ಯ ಇರುವುದು ಕಂಪ್ಯೂಟರ್‌ನಲ್ಲಿ. ಅಲ್ಲಿ ಎಳೆದದ್ದು ಫೋನಿನಲ್ಲೂ ಹಾಗೇ ಇರುತ್ತದೆ ಎಂದು ನಂಬಿ ಕೂರಬೇಡಿ. ಫೋನಿನಲ್ಲೇ ಊರು ಹಾಕಿ, ಡೈರೆಕ್ಷನ್ಸ್ ಒತ್ತಿ, ಮೇಲಿನ ಮೂರು ಚುಕ್ಕಿ ಮುಟ್ಟಿದರೆ ‘ಆ್ಯಡ್ ಸ್ಟಾಪ್’ ಸಿಗುತ್ತದೆ. ಒಟ್ಟು 9 ಸ್ಟಾಪ್ ಹಾಕಬಹುದು. ಆದರೆ ಸಿಕ್ಕಸಿಕ್ಕ ಊರಿಗೆಲ್ಲ ಪಿನ್ ಚುಚ್ಚಬೇಡಿ. ದಾರಿ ಒಡೆಯುವ ಜಾಗ ದಾಟಿದ ಮೇಲೆ ಒಂದು ಪಿನ್ ಇದ್ದರೆ ಸಾಕು. ಬೇಲೂರಿಗೆ ಮಾತ್ರ ಪಿನ್ ಹಾಕಿದರೆ, ದರ್ಶನ ಮುಗಿದ ಮೇಲೆ ಮ್ಯಾಪ್ ನಿಮ್ಮನ್ನು ಸಕಲೇಶಪುರದ ಮೇಲೆ ಶಿರಾಡಿಗೇ ಕಳಿಸಬಹುದು. ಕೊಟ್ಟಿಗೆಹಾರಕ್ಕೆ ಇನ್ನೊಂದು ಹಾಕಿ ನೋಡಿ. ಅಲ್ಲಿಂದ ಧರ್ಮಸ್ಥಳಕ್ಕೆ ಚಾರ್ಮಾಡಿಯೇ ಹತ್ತಿರದ ದಾರಿ, ಬೇರೆ ಕಡೆ ತಿರುಗಿಸಲು ಅದಕ್ಕೂ ಕಾರಣ ಇರುವುದಿಲ್ಲ.

ಸ್ಟಾಪ್‌ಗಳು ನೀವು ಹಾಕಿದ ಕ್ರಮದಲ್ಲೇ ಇರುತ್ತವೆ. ಹಿಂದುಮುಂದಾಗಿದ್ದರೆ ಬೆರಳಿನಿಂದ ಎಳೆದು ಮೇಲೆ ಕೆಳಗೆ ಮಾಡಿ. ಎಲ್ಲ ಮುಗಿದ ಮೇಲೆ ಆ ರೂಟಿನ ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ನಿಮಗೇ ಕಳಿಸಿಕೊಳ್ಳಿ. ಬೆಳಿಗ್ಗೆ ಹೊಸದಾಗಿ ಟೈಪ್ ಮಾಡಬೇಡಿ, ಆ ಲಿಂಕನ್ನೇ ತೆರೆಯಿರಿ.

ಊರಿನ ಹೆಸರಿನ ಮೋಸ

ಇಂಗ್ಲಿಷಿನಲ್ಲಿ ಒಂದು ‘ಎಲ್’ ಜಾಸ್ತಿ ಬಿದ್ದರೆ ಬೇಲೂರು ಹೋಗಿ ಬೆಳ್ಳೂರು ಆಗುತ್ತದೆ. ಆ ಬೆಳ್ಳೂರಿನ ಕ್ರಾಸ್ ಇರುವುದೂ ಇದೇ ಹಾಸನದ ಹೆದ್ದಾರಿಯಲ್ಲೇ, ಹಾಗಾಗಿ ಗೆರೆ ನೋಡಿದರೆ ಅನುಮಾನವೇ ಬರುವುದಿಲ್ಲ! ಧಾರವಾಡದ ಪಕ್ಕ ಇನ್ನೊಂದು ಬೇಲೂರಿದೆ. ಹೊಸೂರು, ಹೊಸಹಳ್ಳಿಗಳನ್ನಂತೂ ಎಣಿಸುವುದೇ ಬೇಡ. ಪಟ್ಟಿಯಲ್ಲಿ ಬಂದ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿರುವ ತಾಲ್ಲೂಕು, ಜಿಲ್ಲೆ ಓದಿ. ಇಲ್ಲವೇ ಮ್ಯಾಪ್ ಮೇಲೆ ಬೆರಳು ಒತ್ತಿ ಹಿಡಿದು ನೀವೇ ಪಿನ್ ಬೀಳಿಸಿ.

ಗೆರೆಗೆ ಬಾಲ ಬಂದಿದೆಯಾ?

ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಹೊರಡುವ ಮುಂಚೆ ಪ್ರತಿ ಸ್ಟಾಪನ್ನೂ ದೊಡ್ಡದು ಮಾಡಿ ನೋಡಿ. ಮುಖ್ಯ ರಸ್ತೆಯಿಂದ ಗೆರೆ ಪಕ್ಕಕ್ಕೆ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬಂದು, ಇಲಿಯ ಬಾಲದ ಹಾಗೆ ಕಾಣುತ್ತಿದೆಯಾ? ಹಾಗಿದ್ದರೆ ಪಿನ್ ರಸ್ತೆ ಬಿಟ್ಟು ಒಳಗೆ ಬಿದ್ದಿದೆ: ಯಾವುದೋ ಓಣಿಗೋ, ತೋಟಕ್ಕೋ. ನಾಲ್ಕು ಲೇನಿನ ಹೆದ್ದಾರಿಯಲ್ಲಿ ಇನ್ನೊಂದು ಕಾಟ. ಪಿನ್ ಎದುರು ಬದಿಯ ರಸ್ತೆಗೆ ಬಿದ್ದರೆ ಮ್ಯಾಪ್ ನಿಮ್ಮನ್ನು ಮುಂದಕ್ಕೆ ಕರೆದೊಯ್ದು, ಯು ಟರ್ನ್ ಮಾಡಿಸಿ, ಮತ್ತೆ ಹಿಂದಕ್ಕೆ ತರುತ್ತದೆ. ಸರ್ವಿಸ್ ರೋಡಿಗೆ ಬಿದ್ದರೆ ಸುಮ್ನೆ ಹೆದ್ದಾರಿಯಿಂದ ಇಳಿಸುತ್ತದೆ.

ಎರಡೂ ಬದಿಯ ರಸ್ತೆ ಬೇರೆಬೇರೆ ಕಾಣುವಷ್ಟು ಜೂಮ್ ಮಾಡಿ, ನೀವು ಹೋಗುವ ಬದಿಯಲ್ಲಿ ಪಿನ್ ಹಾಕಿ. ನಾನು ಮಾಡುವುದು ಇನ್ನೂ ಸುಲಭ. ಎಡಗಡೆ ಇರುವ ಪೆಟ್ರೋಲ್ ಬಂಕನ್ನೇ ಸ್ಟಾಪ್ ಮಾಡಿಕೊಳ್ಳುತ್ತೇನೆ. ಬಂಕಿಗೆ ದಾರಿ ಇದ್ದೇ ಇರುತ್ತದಲ್ಲ.

ಇಷ್ಟೆಲ್ಲ ಮಾಡಿಯೂ ಸ್ಟಾಪ್ ದಾಟಿದ ಮೇಲೆ ‘ವಾಪಸ್ ಹೋಗು’ ಅಂತ ಹಟ ಹಿಡಿದರೆ, ನೀವು ಅಲ್ಲಿಗೆ ತಲುಪಿಲ್ಲ ಅಂತ ಅದರ ಲೆಕ್ಕ. ಗಾಡಿ ಪಕ್ಕಕ್ಕೆ ನಿಲ್ಲಿಸಿ ಆ ಸ್ಟಾಪನ್ನು ತೆಗೆದುಬಿಡಿ. ಓಡಿಸುತ್ತಾ ತೆಗೆಯಬೇಡಿ.

ಮರೆತ ಸೆಟ್ಟಿಂಗ್‌ಗಳು

ಎಂದೋ ಒಮ್ಮೆ ‘ಅವಾಯ್ಡ್ ಟೋಲ್ಸ್’ ಆನ್ ಮಾಡಿ ಮರೆತಿದ್ದರೆ ಮ್ಯಾಪ್ ಊರೂರು ಸುತ್ತಿಸುತ್ತದೆ. ‘ಅವಾಯ್ಡ್ ಹೈವೇಸ್’ ಕೂಡ ಹಾಗೇ. ಇಂಧನ ಉಳಿಸುವ ದಾರಿಗೆ ಆದ್ಯತೆ ಕೊಡುವ ಆಯ್ಕೆಯೂ ಒಂದಿದೆ, ಅದನ್ನೂ ನೋಡಿ. ಬೈಕಿನವರು ಬೈಕ್ ಚಿಹ್ನೆ ಒತ್ತಿದ್ದೀರಾ ಅಂತ ಖಾತ್ರಿ ಮಾಡಿಕೊಳ್ಳಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ. ಕಾರಿನ ರೂಟ್ ನಂಬಿ ಹೋದರೆ ದಂಡ ಕಟ್ಟುವುದು ನೀವೇ.

ಕೆಲವು ಸಲ ರೂಟ್ ಸರಿಯೇ ಇರುತ್ತದೆ, ಹೊತ್ತು ಸರಿಯಿರುವುದಿಲ್ಲ. ಗುಂಡ್ಲುಪೇಟೆಯಿಂದ ಊಟಿಗೋ ವಯನಾಡಿಗೋ ಹೊರಟರೆ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರಕ್ಕೆ ನಿರ್ಬಂಧ ಇದೆ, 2009ರಿಂದಲೂ. ಗೇಟಿನ ಮುಂದೆ ನಿಂತು ಮ್ಯಾಪ್ ತೋರಿಸಿದರೆ ಯಾರೂ ಬಿಡುವುದಿಲ್ಲ. ಮಳೆಗಾಲದಲ್ಲಿ ಘಾಟಿಗಳ ಕತೆಯೂ ಅಷ್ಟೇ. ಗುಡ್ಡ ಕುಸಿದ ಸುದ್ದಿ ಮ್ಯಾಪಿಗಿಂತ ಮೊದಲು ಹೋಟೆಲಿನವರಿಗೆ ಗೊತ್ತಿರುತ್ತದೆ.

ನೆಟ್‌ವರ್ಕ್ ಇಲ್ಲದ ಕಡೆ

ಘಾಟಿಯಲ್ಲಿ ಸಿಗ್ನಲ್ ಹೋಗುತ್ತದೆ. ಜಿಪಿಎಸ್‌ಗೆ ನೆಟ್ ಬೇಕಿಲ್ಲ, ಆದರೆ ದಾರಿ ತಪ್ಪಿದಾಗ ಹೊಸ ಲೆಕ್ಕ ಹಾಕಲು ಮ್ಯಾಪ್ ಫೋನಿನಲ್ಲೇ ಇರಬೇಕು. ನಿಮ್ಮ ಫೋಟೊ ಇರುವ ಮೂಲೆ ಒತ್ತಿ, ‘ಆಫ್‌ಲೈನ್ ಮ್ಯಾಪ್ಸ್’ಗೆ ಹೋಗಿ, ಹಾಸನದಿಂದ ಧರ್ಮಸ್ಥಳದವರೆಗಿನ ಚೌಕ ಆರಿಸಿ ಮನೆಯ ವೈಫೈನಲ್ಲೇ ಇಳಿಸಿಕೊಳ್ಳಿ. ಟ್ರಾಫಿಕ್, ಬದಲಿ ದಾರಿ ಇದರಲ್ಲಿ ಕಾಣುವುದಿಲ್ಲ. ಫೋನಿನ ಬ್ಯಾಟರಿ ಸೇವರ್ ಆಫ್ ಮಾಡಿ, ಅದು ಆನ್ ಇದ್ದರೆ ನೀಲಿ ಚುಕ್ಕಿ ಎರಡು ತಿರುವು ಹಿಂದೆಯೇ ನಿಂತುಬಿಡಬಹುದು.

ಅಂದು ನಾನು ಹಾಸನದಲ್ಲೇ ಗಾಡಿ ತಿರುಗಿಸಿ, ಎರಡು ಪಿನ್ ಹಾಕಿ ಮತ್ತೆ ಹೊರಟೆ. ಕೊಟ್ಟಿಗೆಹಾರ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ‘ದೋಸೆ ಇದೆಯೇನಪ್ಪಾ?’ ಅಂತ ಮೊದಲು ಇಳಿದು ಕೇಳಿದ್ದು ಅಮ್ಮನೇ.